ಬಾರಾಪೇಡೆ ಗುಹೆ ಹೊಕ್ಕ ಹುಡುಗ

ನಮ್ಮದು ಮೂಡಲಗಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಊರ ಹೊರಗೆ ಹಳ್ಳದ ದಂಡೆಯ ಮೇಲೆ ದೊಡ್ಡ ಹುಣಸೆ ಮರವೊಂದಿದೆ. ಮರದ ತುಂಬ ಬಾವಲಿಗಳು. ಹಗಲೆಲ್ಲ ಕರಿ ಚೀಲ ಜೋತು ಹಾಕಿದ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದವು. ಹೊತ್ತು ಮುಳುಗಿದ ಮೇಲೆ ಒಂದೊಂದಾಗಿ ಎದ್ದು ಘಟಪ್ರಭಾ ಹೊಳೆಯ ಕಡೆ ಹಾರುತ್ತಿದ್ದವು. ಅವು ಹಾರಿದವೆಂದರೆ ದನ ಹಟ್ಟಿಗೆ ಬರುವ ಹೊತ್ತಾಯಿತೆಂದು ನಮ್ಮ ಲೆಕ್ಕ.

2018ರ ಬೇಸಿಗೆಯಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ನಿಫಾ ಜ್ವರ ಕಾಣಿಸಿಕೊಂಡಿತು. ಅದು ಬಾವಲಿಯಿಂದ ಬರುತ್ತದೆಂಬ ಸಂದೇಶ ಊರಿನ ಎಲ್ಲರ ಮೊಬೈಲಿಗೂ ಬಂತು. ಹಿರಿಯರು ಕೂತು ಮಾತಾಡಿ ಬಾವಲಿಗಳನ್ನು ಓಡಿಸಬೇಕೆಂದು ತೀರ್ಮಾನಿಸಿದರು. ಪಟಾಕಿ ಹಚ್ಚುವ ಕೆಲಸ ನಮ್ಮಂಥ ಹುಡುಗರ ಪಾಲಿಗೆ ಬಂತು. ನನಗಾಗ ಹದಿಮೂರು ವರ್ಷ. ಎರಡು ದಿನ ಮರದ ಬುಡದಲ್ಲಿ ಪಟಾಕಿ ಸಿಡಿಸಿದೆವು, ತಗಡಿನ ಡಬ್ಬಿ ಬಾರಿಸಿದೆವು. ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯೇ ಆಗಿತ್ತು.

ಎರಡನೇ ದಿನ ಸಂಜೆ ಒಂದು ಮರಿ ಕೆಳಗೆ ಬಿತ್ತು. ನರಿಯ ಮರಿಯಂಥ ಮೋರೆ, ಅಗಲವಾದ ಕಣ್ಣು. ಟವೆಲ್ಲಿನಲ್ಲಿ ಸುತ್ತಿ ಚಪ್ಪಲಿಯ ಡಬ್ಬಿಯಲ್ಲಿಟ್ಟು ಮನೆಗೆ ತಂದೆ. ಅವ್ವ ಬೈದು ಸೋಪು ಹಚ್ಚಿ ಕೈ ತೊಳೆಸಿದಳು. ಬೆಳಿಗ್ಗೆ ಡಬ್ಬಿ ತೆಗೆದಾಗ ಮರಿ ಸತ್ತಿತ್ತು. ಮರವೂ ಖಾಲಿಯಾಗಿತ್ತು.

ಈ ಸಂಗತಿಯನ್ನು ಆರೇಳು ವರ್ಷ ನಾನು ಯಾರಿಗೂ ಹೇಳಿರಲಿಲ್ಲ. ಈಗ ಬರೆಯಲು ಕಾರಣ ಸ್ಟ್ಯಾನ್ಲಿ ಹೆನ್ರಿ ಪ್ರೇಟರ್ ಎಂಬ ಮನುಷ್ಯ. ಅವರು ತೀರಿಕೊಂಡು ಅರವತ್ತು ವರ್ಷಗಳ ಮೇಲಾಯಿತು.

ಮಿನಿ ಪ್ರಾಜೆಕ್ಟಿನಿಂದ ಗುಹೆಯವರೆಗೆ

ಬಿ.ಇ.ಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದೆವು. ಕಣ್ಣು ಕಾಣದವರ ಕೋಲಿಗೆ ಅಲ್ಟ್ರಾಸಾನಿಕ್ ಸೆನ್ಸರ್ ಕಟ್ಟಿ, ಎದುರಿಗೆ ಗೋಡೆಯೋ ಕಂಬವೋ ಬಂದರೆ ಸದ್ದು ಮಾಡುವಂತೆ ಮಾಡುವುದು. ಸೆನ್ಸರ್ 40 ಕಿಲೋಹರ್ಟ್ಸ್ ಶಬ್ದ ಬಿಡುತ್ತದೆ, ಅದು ಗೋಡೆಗೆ ಬಡಿದು ವಾಪಸು ಬರುತ್ತದೆ. ಹೋಗಿ ಬಂದ ಸಮಯವನ್ನು ಶಬ್ದದ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ದೂರ ಸಿಕ್ಕಿತು. ಗೋಕಾಕ ಜಲಪಾತದ ಹತ್ತಿರ ಬೇಸಿಗೆಯಲ್ಲಿ ನೀರು ಕಡಿಮೆಯಿದ್ದಾಗ ಕಣಿವೆಗೆ ಮುಖ ಮಾಡಿ ಕೂಗಿ, ತಿರುಗಿ ಬಂದ ನಮ್ಮದೇ ದನಿಗೆ ನಕ್ಕವರೇ ನಾವೆಲ್ಲ. ಇದೂ ಅದೇ ತತ್ವ.

ವರದಿಯಲ್ಲಿ ಬಾವಲಿಯ ಬಗ್ಗೆ ಒಂದು ಪುಟ ಸೇರಿಸಿರೆಂದು ನಮ್ಮ ಗೈಡ್ ಹೇಳಿದರು. ಆ ಪುಟ ನನ್ನ ಪಾಲಿಗೆ ಬಂತು. ಹುಡುಕುತ್ತ ಹೋದಾಗ ನಮ್ಮದೇ ಜಿಲ್ಲೆಯ ಹೆಸರು ಸಿಕ್ಕಿತು. ಖಾನಾಪುರ ತಾಲ್ಲೂಕಿನ ತಳೇವಾಡಿ ಹತ್ತಿರದ ಕಾಡಿನಲ್ಲಿ ಬಾರಾಪೇಡೆ ಎಂಬ ಗುಹೆ. ಅಲ್ಲಿ ಮಾತ್ರ ಇದೆಯೆಂದು ಜಗತ್ತು ಸುಮಾರು ತೊಂಬತ್ತು ವರ್ಷ ತಿಳಿದಿದ್ದ ಒಂದು ಬಾವಲಿ. 1912ರಲ್ಲಿ ಅದನ್ನು ಕಂಡವರು ಪ್ರೇಟರ್. ಅವರು ಹುಟ್ಟಿದ್ದು 1890ರಲ್ಲಿ. ಲೆಕ್ಕ ಹಾಕಿ ನೋಡಿದರೆ ಆಗ ಅವರು ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವರು, ಅಷ್ಟೇ.

ಹದಿನೇಳಕ್ಕೆ ಕೆಲಸ

ಪ್ರೇಟರ್ ಹುಟ್ಟಿದ್ದು ನೀಲಗಿರಿಯಲ್ಲಿ. ತಂದೆ ಕಾಫಿ ತೋಟದವರು. ಶಾಲೆ ಕಲಿತದ್ದು ಮುಂಬೈಯ ಸೇಂಟ್ ಮೇರೀಸ್‌ನಲ್ಲಿ. ಪ್ರಾಣಿ-ಪಕ್ಷಿಗಳ ಹುಚ್ಚು ಹತ್ತಿದ್ದು ಆ ದಿನಗಳಲ್ಲೇ. 1907ರಲ್ಲಿ, ಹದಿನೇಳರ ವಯಸ್ಸಿಗೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕೆಲಸಕ್ಕೆ ಸೇರಿದರು. ಅದು 1883ರಲ್ಲಿ ಹುಟ್ಟಿದ ಸಂಸ್ಥೆ. ಜನ ಕಳಿಸಿದ ಹಾವು, ಹಕ್ಕಿ, ಚಿಟ್ಟೆಗಳನ್ನು ಗುರುತಿಸಿ, ಹೆಸರು ಬರೆದು, ಕೆಡದಂತೆ ಇಡುವುದು ಅಲ್ಲಿನ ದಿನನಿತ್ಯದ ಕೆಲಸ. ದೊಡ್ಡ ಪದವಿಯಿಂದ ಶುರುವಾದ ಬದುಕಲ್ಲ ಅದು. ಕೈಗೆ ಬಂದ ಕೆಲಸವನ್ನು ಮಾಡುತ್ತ ಮಾಡುತ್ತ ಕಲಿತದ್ದು.

1911ರಲ್ಲಿ ಸೊಸೈಟಿ ದೇಶದ ಸಸ್ತನಿಗಳ ಸಮೀಕ್ಷೆ ಶುರು ಮಾಡಿತು. ಯಾವ ಕಾಡಿನಲ್ಲಿ ಯಾವ ಪ್ರಾಣಿ ಇದೆಯೆಂಬ ಪೂರ್ತಿ ಪಟ್ಟಿ ಆಗ ಯಾರ ಬಳಿಯೂ ಇರಲಿಲ್ಲ. ಹುಲಿ, ಆನೆಗಳನ್ನು ಶಿಕಾರಿಯವರು ಬಲ್ಲವರಾಗಿದ್ದರು. ಇಲಿ, ಅಳಿಲು, ಬಾವಲಿಗಳನ್ನು ಕೇಳುವವರಿರಲಿಲ್ಲ. ಸಂಗ್ರಹಕಾರರು ಊರೂರು, ಕಾಡುಕಾಡು ತಿರುಗಿ ಮಾದರಿಗಳನ್ನು ತಂದರು. ಆ ಕಾಲದ ವಿಜ್ಞಾನ ಪ್ರಾಣಿಯನ್ನು ಕೊಂದೇ ಗುರುತಿಸುತ್ತಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಒಂದೊಂದು ಮಾದರಿಗೂ ಚೀಟಿ ಕಟ್ಟಿ ಎಲ್ಲಿ ಸಿಕ್ಕಿತು, ಎಂದು ಸಿಕ್ಕಿತು, ಅಳತೆ ಎಷ್ಟು ಎಂದು ಬರೆಯಬೇಕಿತ್ತು. ಈ ಕೆಲಸಕ್ಕೆ ಇಳಿದವರಲ್ಲಿ ಪ್ರೇಟರ್ ಕೂಡ ಒಬ್ಬರು.

ಬೆಳಗಾವಿ ಆಗ ಮುಂಬೈ ಪ್ರಾಂತಕ್ಕೆ ಸೇರಿತ್ತು. ಮಹಾದಾಯಿ ಹುಟ್ಟುವ ಆ ದಟ್ಟ ಕಾಡಿನಲ್ಲಿ, ಬಾರಾಪೇಡೆ ಗುಹೆಯ ಕತ್ತಲೆಯಲ್ಲಿ, ಪ್ರೇಟರ್ ಕಂಡ ಬಾವಲಿ ಗೊತ್ತಿದ್ದ ಯಾವುದರಂತೆಯೂ ಇರಲಿಲ್ಲ. ಮೈ ಗಾಢ ಕಂದು, ಕತ್ತು ಮತ್ತು ಹೆಗಲ ಮೇಲೆ ಬೂದು ಬಣ್ಣದ ಶಾಲು ಹೊದ್ದಂತೆ. ಕಿವಿಗಳು ಮೂತಿಯನ್ನೂ ದಾಟಿ ಮುಂದಕ್ಕೆ ಚಾಚಿದ್ದವು. ಬಾಲ ರೆಕ್ಕೆಯ ತೊಗಲಿನಿಂದ ಆಚೆ ಬಿಡಿಯಾಗಿತ್ತು. ಮಾದರಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೋಯಿತು. ಅಲ್ಲಿನ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಅದು ಹೊಸ ಜಾತಿಯೆಂದು ಪ್ರಕಟಿಸಿದರು. ಸಮೀಕ್ಷೆಯ ಮಾದರಿಗಳ ಅಧ್ಯಯನಕ್ಕೆ ದುಡಿದ ನಿವೃತ್ತ ಅರಣ್ಯಾಧಿಕಾರಿ ರಾಟನ್ ಅವರ ಹೆಸರನ್ನು ಅದಕ್ಕಿಟ್ಟರು. ಆಟೊಮಾಪ್ಸ್ ರಾಟನಿ ಎಂದು ಇಂದಿಗೂ ಕರೆಯುತ್ತಾರೆ.

ಗುಹೆ ಹೊಕ್ಕವರು ಪ್ರೇಟರ್. ಹೆಸರು ಬಂದದ್ದು ಬೇರೆಯವರದು. ರಾಟನ್ ಆ ಗೌರವಕ್ಕೆ ತಕ್ಕವರೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ನಮ್ಮ ಪ್ರಾಜೆಕ್ಟ್ ವರದಿಯ ಮುಖಪುಟದಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ನಾವು ನಾಲ್ವರು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದು ನೆನಪಾಗಿ ನನಗೆ ನಾಚಿಕೆಯಾಯಿತು. ಪ್ರೇಟರ್ ಆಮೇಲೆ ಸುಮಾರು ಮೂರೂವರೆ ದಶಕ ಅದೇ ಸೊಸೈಟಿಗೆ ದುಡಿದರು.

ಅವರಿಗೂ ಗೊತ್ತಿರದ ಉತ್ತರ

ನನಗೆ ತುಂಬ ಹಿಡಿಸಿದ ಸಂಗತಿ ಇನ್ನೊಂದಿದೆ. ಪ್ರೇಟರ್ ಆ ಗುಹೆಗೆ ಹೋದ ವರ್ಷ, ಬಾವಲಿ ಕತ್ತಲಲ್ಲಿ ದಾರಿ ಹೇಗೆ ಹಿಡಿಯುತ್ತದೆಂಬುದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇಟಲಿಯ ಸ್ಪಲ್ಲಾಂಜಾನಿ 1790ರ ದಶಕದಲ್ಲೇ ಪ್ರಯೋಗ ಮಾಡಿ, ಕಣ್ಣು ಕಾಣದ ಬಾವಲಿಯೂ ಎಲ್ಲಿಯೂ ಡಿಕ್ಕಿ ಹೊಡೆಯದೆ ಹಾರುತ್ತದೆಂದು ತೋರಿಸಿದ್ದರು. ಸ್ವಿಟ್ಜರ್ಲೆಂಡಿನ ಜೂರಿನ್ ಕಿವಿ ಮುಚ್ಚಿ ನೋಡಿದಾಗ ಅದು ದಾರಿ ತಪ್ಪಿತು. ಆದರೆ ನಮ್ಮ ಕಿವಿಗೆ ಏನೂ ಕೇಳುತ್ತಿಲ್ಲವಲ್ಲ, ಹಾಗಿದ್ದರೆ ಅದು ಕೇಳುವುದಾದರೂ ಏನನ್ನು ಎಂಬಲ್ಲಿ ಮಾತು ನಿಂತುಹೋಯಿತು. ಪ್ರೇಟರ್ ಗುಹೆ ಹೊಕ್ಕ 1912ರಲ್ಲೇ ಟೈಟಾನಿಕ್ ಹಡಗು ಮುಳುಗಿತು. ಆಗ ಹಿರಮ್ ಮ್ಯಾಕ್ಸಿಮ್ ಎಂಬ ಎಂಜಿನಿಯರ್, ಬಾವಲಿಯಂತೆ ಶಬ್ದ ಬಿಟ್ಟು ಪ್ರತಿಧ್ವನಿ ಹಿಡಿಯುವ ಯಂತ್ರ ಹಡಗಿಗೆ ಇದ್ದರೆ ಮಂಜುಗಡ್ಡೆ ಮೊದಲೇ ತಿಳಿಯುತ್ತದೆಂದು ಸೂಚಿಸಿದರು. ಬಾವಲಿಯ ಶಬ್ದ ರೆಕ್ಕೆಯಿಂದ ಬರುತ್ತದೆ, ತೀರಾ ಕಡಿಮೆ ಕಂಪನಾಂಕದ್ದು ಎಂದು ಅವರು ಭಾವಿಸಿದ್ದು ತಪ್ಪಾಗಿತ್ತು. ಪ್ರತಿಧ್ವನಿಯ ವಿಚಾರ ಮಾತ್ರ ಸರಿಯಿತ್ತು.

1938ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಡೊನಾಲ್ಡ್ ಗ್ರಿಫಿನ್ ಎಂಬ ವಿದ್ಯಾರ್ಥಿ, ಭೌತಶಾಸ್ತ್ರದ ಪ್ರಾಧ್ಯಾಪಕ ಪಿಯರ್ಸ್ ತಯಾರಿಸಿದ್ದ ಉಪಕರಣದ ಮುಂದೆ ಬಾವಲಿಗಳನ್ನು ಇಟ್ಟು ನೋಡಿದ. ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ. ಬಾವಲಿಗಳು ಅದಕ್ಕೂ ಮೇಲಿನ ಶಬ್ದ ಹೊರಡಿಸುತ್ತಿದ್ದವು. ಯಂತ್ರ ಮಾಡಿದವರು ಮತ್ತು ಪ್ರಾಣಿ ತಂದವರು ಒಂದೇ ಕೋಣೆಯಲ್ಲಿ ಸೇರಿದ್ದರಿಂದ ನೂರೈವತ್ತು ವರ್ಷಗಳ ಒಗಟು ಬಿಡಿಸಿತು. ನಮ್ಮಲ್ಲಿ ಎಲೆಕ್ಟ್ರಾನಿಕ್ಸ್‌ನವರು ಜೀವಶಾಸ್ತ್ರದವರ ಜೊತೆ ಚಹಾ ಕುಡಿಯುವುದೂ ಅಪರೂಪ.

ಇನ್ನೊಂದು ಮಾತು. ಬಾರಾಪೇಡೆಯ ಬಾವಲಿಯ ಶಬ್ದ ಹೆಚ್ಚಿನವುಗಳಂತಲ್ಲ. ಅದರ ಕಂಪನಾಂಕ ಕಡಿಮೆ, ಮನುಷ್ಯರ ಕಿವಿಗೂ ಬೀಳುವಂಥದು. ಕಡಿಮೆ ಕಂಪನಾಂಕದ ಶಬ್ದ ಗಾಳಿಯಲ್ಲಿ ಬೇಗ ಕರಗುವುದಿಲ್ಲ, ದೂರ ಹೋಗುತ್ತದೆ. ಬಯಲಿನ ಎತ್ತರದಲ್ಲಿ ವೇಗವಾಗಿ ಹಾರಿ ಕೀಟ ಹಿಡಿಯುವ ಪ್ರಾಣಿಗೆ ಅದೇ ಅನುಕೂಲ. ಪೊದೆಗಳ ನಡುವೆ ಹಾರುವ ಬಾವಲಿಗೆ ಸೂಕ್ಷ್ಮ ವಿವರ ಬೇಕು, ಅದಕ್ಕೆ ಹೆಚ್ಚಿನ ಕಂಪನಾಂಕ. ನಮ್ಮ ಕಮ್ಯುನಿಕೇಶನ್ ಪಠ್ಯದಲ್ಲಿ ಓದಿ ಮರೆತಿದ್ದ ಪಾಠ ಇದರಿಂದಾಗಿ ತಲೆಗೆ ಹತ್ತಿತು.

ಅಜ್ಜಿಯ ಪ್ರಶ್ನೆಗಳು, ಗೆಳೆಯರ ಪ್ರಶ್ನೆಗಳು

ಈ ವಿಷಯ ಮಾತಾಡಲು ಶುರು ಮಾಡಿದ ಮೇಲೆ ಎಲ್ಲರೂ ಕೇಳುವುದು ಅವೇ ನಾಲ್ಕೈದು ಪ್ರಶ್ನೆ. ಹುಕ್ಕೇರಿಯಲ್ಲಿರುವ ನನ್ನ ಅಜ್ಜಿ ಚಿಕ್ಕಂದಿನಲ್ಲಿ ನಮ್ಮನ್ನು ಅಲ್ಲಿನ ಹಳೆಯ ಗುಮ್ಮಟಗಳ ಒಳಗೆ ಸಂಜೆ ಬಿಡುತ್ತಿರಲಿಲ್ಲ. ತೊಗಲಬಾವಲಿ ಕೂದಲಿಗೆ ಸಿಕ್ಕಿಕೊಂಡರೆ ಬಿಡುವುದಿಲ್ಲವೆಂದು ಹೆದರಿಸುತ್ತಿದ್ದಳು. ಕತ್ತಲಲ್ಲಿ ಸೊಳ್ಳೆಯನ್ನೇ ಗುರಿಯಿಟ್ಟು ಹಿಡಿಯುವ ಪ್ರಾಣಿಗೆ ನಮ್ಮ ತಲೆ ಕಾಣದೇ ಇರುತ್ತದೆಯೇ? ನಮ್ಮ ತಲೆಯ ಮೇಲೆ ಸುತ್ತುವ ಸೊಳ್ಳೆಗಾಗಿ ಅದು ಹತ್ತಿರ ಬರುತ್ತದೆ, ಅಷ್ಟೇ.

ಬಾವಲಿಗೆ ಕಣ್ಣಿಲ್ಲವೆನ್ನುವುದೂ ಸುಳ್ಳು. ನಮ್ಮ ಹುಣಸೆ ಮರದಲ್ಲಿದ್ದಂಥ ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಶಬ್ದದಿಂದ ದಾರಿ ಹಿಡಿಯುವುದೇ ಇಲ್ಲ. ಕಣ್ಣು ಮತ್ತು ಮೂಗೇ ಅವಕ್ಕೆ ಆಧಾರ. ಬಾವಲಿ ಹಕ್ಕಿಯೂ ಅಲ್ಲ. ಮರಿ ಹಾಕಿ ಹಾಲೂಡಿಸುವ ಸಸ್ತನಿ. ರೆಕ್ಕೆ ಬಡಿದು ನಿಜವಾಗಿ ಹಾರಬಲ್ಲ ಸಸ್ತನಿ ಇದೊಂದೇ. ಅದರ ರೆಕ್ಕೆ ಎಂದರೆ ನಮ್ಮ ಕೈಬೆರಳುಗಳನ್ನೇ ಉದ್ದ ಮಾಡಿ ನಡುವೆ ತೊಗಲು ಬಿಗಿದಂತೆ.

ರಕ್ತ ಕುಡಿಯುತ್ತದೆಯೇ? ಜಗತ್ತಿನ ಸುಮಾರು 1400 ಜಾತಿಗಳಲ್ಲಿ ರಕ್ತ ಕುಡಿಯುವವು ಮೂರೇ, ಅವೂ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆ. ನಮ್ಮಲ್ಲಿ ಕಪ್ಪೆ, ಇಲಿ ಹಿಡಿದು ತಿನ್ನುವ ಒಂದು ಜಾತಿಯುಂಟು, ಅದೂ ರಕ್ತ ಹೀರುವುದಿಲ್ಲ. ತಲೆಕೆಳಗಾಗಿ ಮಲಗಿದರೂ ಯಾಕೆ ಬೀಳುವುದಿಲ್ಲವೆಂದರೆ, ಮೈ ಭಾರಕ್ಕೆ ಕಾಲಿನ ಸ್ನಾಯುರಜ್ಜು ತಾನಾಗಿ ಎಳೆದು ಉಗುರು ಮಡಚಿ ಬಿಗಿಯುತ್ತದೆ. ಹಿಡಿದುಕೊಳ್ಳಲು ಶಕ್ತಿ ಖರ್ಚಾಗುವುದಿಲ್ಲ, ಬಿಡಲು ಮಾತ್ರ ಖರ್ಚಾಗುತ್ತದೆ. ಹಾರಬೇಕೆಂದಾಗ ಕೈಬಿಟ್ಟು ಬಿದ್ದು ರೆಕ್ಕೆ ಬಿಚ್ಚಿದರೆ ಆಯಿತು.

ಹೆಚ್ಚಿನ ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಇಲಿಯಂತೆ ಹತ್ತಾರು ಅಲ್ಲ. ದೊಡ್ಡ ಬಾವಲಿಯ ತಾಯಿ ಮೊದಲ ಕೆಲವು ವಾರ ಮರಿಯನ್ನು ಎದೆಗೆ ಕಚ್ಚಿಸಿಕೊಂಡೇ ಹಾರುತ್ತದೆ. ಇದನ್ನು ಓದಿದ ರಾತ್ರಿ ಹಾಸ್ಟೆಲಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಚಪ್ಪಲಿ ಡಬ್ಬಿಯ ಮರಿ ಆ ವರ್ಷದ ಒಂದು ತಾಯಿಯ ಒಂದೇ ಮರಿ.

ನಿಫಾದ ಭಯ ಸುಳ್ಳಲ್ಲ. ಹಣ್ಣು ತಿನ್ನುವ ಬಾವಲಿಗಳಲ್ಲಿ ಆ ವೈರಸ್ ಇರುವುದು ನಿಜ. ಅದಕ್ಕೆ ಮಾಡಬೇಕಾದ್ದು, ಅವು ಕಚ್ಚಿ ಬಿಟ್ಟ ಹಣ್ಣು ತಿನ್ನದಿರುವುದು, ಹಣ್ಣು ತೊಳೆದು ತಿನ್ನುವುದು, ಬಾಯಿ ತೆರೆದಿಟ್ಟ ಗಡಿಗೆಯ ಕಳ್ಳು, ನೀರಾ ಕುಡಿಯದಿರುವುದು, ಬಾವಲಿಯನ್ನು ಬರಿಗೈಯಲ್ಲಿ ಮುಟ್ಟದಿರುವುದು, ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು ಕೂಡಲೇ ವೈದ್ಯರ ಬಳಿ ಹೋಗುವುದು. ಅವ್ವ ಅಂದು ಕೈ ತೊಳೆಸಿದ್ದೇ ಸರಿ. ಪಟಾಕಿ ಸಿಡಿಸಿದ್ದರಿಂದ ಮಾತ್ರ ಯಾವ ರೋಗವೂ ದೂರವಾಗಲಿಲ್ಲ. ಬೆದರಿದ ಬಾವಲಿ ಮತ್ತೊಂದು ಊರಿನ ಮರಕ್ಕೆ ಹೋಗುತ್ತದೆ, ಮತ್ತೇನೂ ಇಲ್ಲ.

ಮ್ಯೂಸಿಯಂ, ಪುಸ್ತಕ, ಸಂವಿಧಾನ ಸಭೆ

ಪ್ರೇಟರ್ ಮುಂದೆ ಸೊಸೈಟಿಯ ಕ್ಯೂರೇಟರ್ ಆದರು. ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನ, ಅಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ, ಪ್ರಾಣಿ ವಿಭಾಗದ ಹೊಣೆಯೂ ಅವರಿಗೆ ಬಂತು. ವಿದೇಶದ ಮ್ಯೂಸಿಯಂಗಳನ್ನು ನೋಡಿ ಬಂದು, ಪ್ರಾಣಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸದೆ ಅವು ಬದುಕುವ ಕಾಡು, ಬಂಡೆ, ಹುಲ್ಲಿನ ನಡುವೆಯೇ ಇರುವಂತೆ ತೋರಿಸಿದರು. ಓದು ಬರಹ ಬಾರದವರೂ ನೋಡಿ ತಿಳಿಯುವಂತಿರಬೇಕೆಂಬುದು ಆ ಏರ್ಪಾಡಿನ ಗುಣ. ಮುಂದೆ ಪಕ್ಷಿತಜ್ಞರಾಗಿ ಹೆಸರಾದ ಸಲೀಂ ಅಲಿ 1926ರಲ್ಲಿ ಜನರಿಗೆ ವಿವರಿಸಿ ಹೇಳುವ ಗೈಡ್ ಕೆಲಸಕ್ಕೆ ಸೇರಿದ್ದು ಇದೇ ವಿಭಾಗಕ್ಕೆ.

ಸೊಸೈಟಿಯ ನಿಯತಕಾಲಿಕದ ಸಂಪಾದನೆಯನ್ನೂ ಪ್ರೇಟರ್ ವರ್ಷಗಟ್ಟಲೆ ನೋಡಿಕೊಂಡರು. 1930ರ ದಶಕದಲ್ಲಿ ಅದರಲ್ಲಿ ದೇಶದ ಕಾಡುಪ್ರಾಣಿಗಳನ್ನು ಉಳಿಸುವ ಬಗ್ಗೆ ಲೇಖನಮಾಲೆ ಬರೆದರು. ಶಿಕಾರಿಯೇ ದೊಡ್ಡಸ್ತಿಕೆಯಾಗಿದ್ದ ಕಾಲ ಅದು. ಮಾದರಿ ಸಂಗ್ರಹಿಸಲು ಕಾಡಿಗೆ ಹೋಗಿದ್ದ ಅದೇ ಮನುಷ್ಯ ಈಗ ಉಳಿಸಿರೆಂದು ಬರೆಯುತ್ತಿದ್ದರು. ಆ ಬರಹಗಳೇ ಬೆಳೆದು 1948ರಲ್ಲಿ ದಿ ಬುಕ್ ಆಫ್ ಇಂಡಿಯನ್ ಅನಿಮಲ್ಸ್ ಎಂಬ ಪುಸ್ತಕವಾಯಿತು. ಹುಲಿ, ಆನೆಗಳ ಜೊತೆ ಬಾವಲಿಗಳಿಗೂ ಅದರಲ್ಲಿ ಜಾಗವಿದೆ. ಇಂದಿಗೂ ಅದು ಅಚ್ಚಾಗುತ್ತಿದೆ. ನಮ್ಮ ಸ್ಪರ್ಧಾತ್ಮಕ ಪರೀಕ್ಷೆಯ ಗೆಳೆಯರಿಗೆ ಇನ್ನೊಂದು ಮಾಹಿತಿ: ಪ್ರೇಟರ್ ಆಂಗ್ಲೋ-ಇಂಡಿಯನ್ ಸಮುದಾಯದ ಮುಖಂಡರಾಗಿ ಮುಂಬೈ ಶಾಸನಸಭೆಯಲ್ಲಿದ್ದರು, ಭಾರತದ ಸಂವಿಧಾನ ಸಭೆಯ ಸದಸ್ಯರೂ ಆಗಿದ್ದರು. ಸ್ವಾತಂತ್ರ್ಯದ ನಂತರ ಇಂಗ್ಲೆಂಡಿಗೆ ಹೋಗಿ ನೆಲೆಸಿ, 1960ರಲ್ಲಿ ತೀರಿಕೊಂಡರು.

ಅವರು ಹೊಕ್ಕ ಗುಹೆ ಈಗ ಭೀಮಗಡ ವನ್ಯಜೀವಿ ಧಾಮದೊಳಗಿದೆ. 2011ರಲ್ಲಿ ಧಾಮ ಘೋಷಣೆಯಾದಾಗ ಮುಂದಿಟ್ಟ ಕಾರಣಗಳಲ್ಲಿ ಈ ಬಾವಲಿಯೂ ಒಂದು. ಈಚಿನ ವರ್ಷಗಳಲ್ಲಿ ಮೇಘಾಲಯದ ಗುಹೆಗಳಲ್ಲಿ, ದೂರದ ಕಾಂಬೋಡಿಯಾದಲ್ಲಿ ಇದೇ ಜಾತಿ ಕಂಡಿದೆ. ಆದರೂ ಜಗತ್ತು ಅದನ್ನು ಮೊದಲು ಕಂಡದ್ದು ನಮ್ಮ ಜಿಲ್ಲೆಯಲ್ಲಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಇದಕ್ಕೆ ಮೊದಲ ಅನುಸೂಚಿಯ ರಕ್ಷಣೆ ಸಿಕ್ಕಿತು. ನಮ್ಮ ಹುಣಸೆ ಮರದ ಬಾವಲಿಗಳು ಮಾತ್ರ ಅದೇ ಕಾಯ್ದೆಯಲ್ಲಿ ಇಲಿ, ಕಾಗೆಗಳ ಜೊತೆ ಪೀಡೆಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ನಾವು ಪಟಾಕಿ ಹಚ್ಚಿದ 2018ರಲ್ಲಿ ಅವಕ್ಕೆ ಕಾನೂನಿನಲ್ಲೂ ಆಸರೆ ಇರಲಿಲ್ಲ.

ಮತ್ತೆ ಹುಣಸೆ ಮರ

ಎರಡು ವರ್ಷ ಆ ಮರ ಖಾಲಿಯೇ ಇತ್ತು. ಆಮೇಲೆ ಹತ್ತಿಪ್ಪತ್ತು ಬಾವಲಿ ಬಂದವು, ವರ್ಷ ವರ್ಷ ಒಂದಿಷ್ಟು ಹೆಚ್ಚಾದವು. ಕಳೆದ ದೀಪಾವಳಿಗೆ ಊರಿಗೆ ಹೋದಾಗ, ಪೇರಲ ತೋಟಕ್ಕೆ ಕಾಟವಾಗಿದೆ, ಮತ್ತೆ ಓಡಿಸೋಣವೆಂಬ ಮಾತು ಕಟ್ಟೆಯ ಮೇಲೆ ಎದ್ದಿತ್ತು. ಪಟಾಕಿ ಹೇಗೂ ಮನೆಮನೆಯಲ್ಲಿತ್ತು.

ನಾನು ಹಿರಿಯರ ಎದುರು ಮಾತಾಡುವವನಲ್ಲ. ಅಂದು ಕಾಕಾನ ಪಕ್ಕ ಕೂತು ಮಾತಾಡಿದೆ. ವರ್ಷಕ್ಕೆ ಒಂದೇ ಮರಿಯ ಲೆಕ್ಕ ಹೇಳಿದೆ. ರಾತ್ರಿ ಹೂವಿಂದ ಹೂವಿಗೆ ಪರಾಗ ಒಯ್ಯುವುದು, ಹಣ್ಣು ತಿಂದು ದೂರ ದೂರ ಬೀಜ ಉದುರಿಸುವುದು ಇವೇ ಎಂದೆ. ಹಣ್ಣಿಗೆ ಬಟ್ಟೆ ಚೀಲ ಕಟ್ಟಿದರೆ ತೋಟ ಉಳಿಯುತ್ತದೆಂದೆ. ಕೊನೆಗೆ ಡಬ್ಬಿಯ ಮರಿಯ ಕಥೆಯನ್ನೂ ಹೇಳಿದೆ. ಕೆಲವರು ನಕ್ಕರು. ಎಂಜಿನಿಯರಿಂಗ್ ಓದಲು ಕಳಿಸಿದರೆ ತೊಗಲಬಾವಲಿಯ ವಕೀಲನಾಗಿ ಬಂದಿದ್ದಾನೆಂದು ಒಬ್ಬರು ಅಂದರು. ಕಾಕಾ ಏನೂ ಅನ್ನಲಿಲ್ಲ. ಮರುದಿನ ಹಳೆಯ ಸೀರೆ ಹರಿದು ಪೇರಲ ಹಣ್ಣಿಗೆ ಚೀಲ ಹೊಲಿಯಲು ಕಾಕೂಗೆ ಕೊಟ್ಟಿದ್ದು ಮಾತ್ರ ನೋಡಿದೆ. ಆ ದೀಪಾವಳಿಗೆ ಹಳ್ಳದ ದಂಡೆಯಲ್ಲಿ ಪಟಾಕಿ ಸಿಡಿಯಲಿಲ್ಲ. ಮುಂದಿನ ವರ್ಷ ಏನಾಗುತ್ತದೋ ಹೇಳಲಾರೆ.

ಗೆಳೆಯರೇ, ಕ್ಯಾಂಪಸ್‌ಗೆ ಕಂಪನಿ ಬರುತ್ತದೋ ಇಲ್ಲವೋ, ಬ್ಯಾಕ್ ಉಳಿದ ಸಬ್ಜೆಕ್ಟ್ ಪಾಸಾಗುತ್ತದೋ ಇಲ್ಲವೋ ಎಂಬ ಚಿಂತೆ ನನಗೂ ಇದೆ. ಪ್ರೇಟರ್ ಬದುಕು ಓದಿದರೆ ಕೆಲಸ ಸಿಗುತ್ತದೆಂದು ನಾನು ಹೇಳುತ್ತಿಲ್ಲ. ಹದಿನೇಳಕ್ಕೆ ಸಣ್ಣ ಕೆಲಸ ಹಿಡಿದ ಹುಡುಗನೊಬ್ಬ, ಯಾರೂ ತಿರುಗಿ ನೋಡದ ಪ್ರಾಣಿಯನ್ನು ಸರಿಯಾಗಿ ನೋಡಿ, ಸರಿಯಾಗಿ ಚೀಟಿ ಬರೆದಿಟ್ಟ. ನೂರು ವರ್ಷ ಕಳೆದು ಆ ಕಾಡನ್ನು ಉಳಿಸುವಾಗ ಅದೂ ಒಂದು ಆಧಾರವಾಯಿತು. ನಿಮ್ಮೂರಲ್ಲೂ ಅಂಥ ಮರವೋ ಗುಮ್ಮಟವೋ ಇದ್ದೀತು. ಒಂದು ಸಂಜೆ ದೂರದಲ್ಲಿ ನಿಂತು ಎಷ್ಟು ಬಾವಲಿ ಹೊರಬಿದ್ದವೆಂದು ಎಣಿಸಿ, ತಾರೀಖು ಹಾಕಿ ಬರೆದಿಡಿ. ನಾನು ಶುರು ಮಾಡಿದ್ದೇನೆ. ಹೋದ ಸಲ ಊರಿಗೆ ಹೋದಾಗ ನಮ್ಮ ಹುಣಸೆ ಮರದಿಂದ ಎದ್ದವು ಅರವತ್ಮೂರು.